ಗೋಲಗುಮ್ಮಟದ ಪಿಸುಮಾತು ಹರಳಿನೊಳಗೆ: ಕೈಯಲ್ಲಿ ಉಜ್ಜಿದ ಬಿಲ್ಲೆಯನ್ನು ಚಿಪ್ ಯಾಕೆ ಇನ್ನೂ ಸೋಲಿಸಿಲ್ಲ?

ಗುಮ್ಮಟದೂರಾಂವ
ಎಲ್ಲರಿಗೂ ಶರಣು. ನಾನು ವಿಜಯಪುರದಾಂವ, ಎಲೆಕ್ಟ್ರಾನಿಕ್ಸ್ ಕೊನೇ ವರ್ಷ. ಗೋಲಗುಮ್ಮಟದ ಮ್ಯಾಲಿನ ಗ್ಯಾಲರಿಯೊಳಗ ಗ್ವಾಡಿಗೆ ಬಾಯಿ ಹಚ್ಚಿ ಪಿಸುಗುಟ್ಟಿದರ ಎದುರಿನ ದಂಡಿಗೆ ಕುಂತಾಂವಗ ಕಿವ್ಯಾಗ ಹೇಳಿದಂಗ ಕೇಳಸ್ತೈತಿ. ಸಣ್ಣಾಂವ ಇದ್ದಾಗಿಂದ ಈ ಆಟ ಆಡಿಕೋತ ಬಂದೀನಿ. ಮೊನ್ನೆ ಸೆಮಿನಾರಿಗೆ ವಿಷಯ ಹುಡುಕೋವಾಗ ‘ವಿಸ್ಪರಿಂಗ್ ಗ್ಯಾಲರಿ ರೆಸೊನೇಟರ್’ ಅಂತ ಸಿಕ್ತು. ಬಟನ್ನಿನಷ್ಟು ಹರಳಿನ ಬಿಲ್ಲೆ, ಅದರ ಅಂಚಿನಾಗ ಬೆಳಕು ಲಕ್ಷ ಸಲ ಸುತ್ತತೈತಿ ಅಂತ. ಎರಡು ಸಂಶಯ ಅದಾವ್ರಿ. ಒಂದು, ನಮ್ಮ ಗುಮ್ಮಟದಾಗ ಆಗೋದೂ ಇದೂ ಖರೇನ ಒಂದೇ ಏನು, ಇಲ್ಲಾ ಹೆಸರಿಗಷ್ಟೇ? ಎರಡು, ಈ ಬಿಲ್ಲೆ ಇವತ್ತಿಗೂ ಕೈಲೆ ಉಜ್ಜಿ ಮಾಡ್ತಾರಂತ. ಚಿಪ್ ಕಾಲದಾಗ ಯಾಕ?

ಹರಳುಜ್ಜಿದವ
ಇಂಥ ಬಿಲ್ಲೆಗಳನ್ನು ನಾಲ್ಕು ವರ್ಷ ಉಜ್ಜಿ ಬೆರಳು ಸವೆಸಿಕೊಂಡವನು ನಾನು. ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಮೊದಲು ಗುಮ್ಮಟ. ಅಲ್ಲಿ ಚಪ್ಪಾಳೆ ಹೊಡೆದರೆ ಮತ್ತೆ ಮತ್ತೆ ಕೇಳುವ ಪ್ರತಿಧ್ವನಿಯೇ ಬೇರೆ, ಗೋಡೆಗೆ ಬಾಯಿ ಹಚ್ಚಿದ ಪಿಸುಮಾತೇ ಬೇರೆ. ಪಿಸುಮಾತು ಬಾಗಿದ ಗೋಡೆಗೆ ಅಂಟಿಕೊಂಡು, ಚೂರು ಚೂರೇ ಪ್ರತಿಫಲಿಸುತ್ತ ಸುತ್ತುತ್ತದೆ. ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್ಲಿನ ಗ್ಯಾಲರಿಯಲ್ಲಿ ಇದು ಎದುರಿನ ಬಿಂದುವಿನಲ್ಲಿ ಮಾತ್ರ ಸೇರುತ್ತದೆ ಎಂದು ಜಾರ್ಜ್ ಏರಿ ಎಂಬ ಖಗೋಳಜ್ಞ ಅಂದುಕೊಂಡಿದ್ದರು. ಅಲ್ಲ, ಗೋಡೆಯ ಉದ್ದಕ್ಕೂ ತೆವಳುತ್ತದೆ ಎಂದು ತೋರಿಸಿ 1910ರಲ್ಲಿ ಅದರ ಗಣಿತ ಬರೆದವರು ಲಾರ್ಡ್ ರ‍್ಯಾಲೆ. 1921ರಲ್ಲಿ ನಮ್ಮ ಸಿ.ವಿ. ರಾಮನ್ ಇಂಗ್ಲೆಂಡಿಗೆ ಹೋದಾಗ ಅದೇ ಗ್ಯಾಲರಿಯಲ್ಲಿ ಪ್ರಯೋಗ ಮಾಡಿದರು. ವಾಪಸು ಬರುವಾಗ ಹಡಗಿನಿಂದ ಮೆಡಿಟರೇನಿಯನ್ ಸಮುದ್ರದ ನೀಲಿ ನೋಡಿ ತಲೆಗೆ ಹುಳ ಬಿಟ್ಟುಕೊಂಡದ್ದೂ ಇದೇ ಪ್ರಯಾಣದಲ್ಲಿ. ಆ ಕಥೆ ಎಲ್ಲರಿಗೂ ಗೊತ್ತು, ಪಿಸುಮಾತಿನ ಕಥೆ ಯಾರಿಗೂ ಗೊತ್ತಿಲ್ಲ. ಊರಿಗೆ ಬಂದ ಮೇಲೆ ಭಾರತದ ಇಂಥ ಗುಮ್ಮಟಗಳ ಬಗ್ಗೆಯೂ ಅವರು ಬರೆದರು. ನಿಮ್ಮ ಗೋಲಗುಮ್ಮಟ ಅದರಲ್ಲಿದೆ.

ಈಗ ಲೆಕ್ಕ. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್, ಸುತ್ತಳತೆ 119 ಮೀಟರ್ ಆಸುಪಾಸು. ಸದ್ದಿಗೆ ಒಂದು ಸುತ್ತಿಗೆ ಸೆಕೆಂಡಿನ ಮೂರನೇ ಒಂದು ಭಾಗ ಸಾಕು. ಎರಡು ಮೂರು ಸುತ್ತಿನೊಳಗೆ ಗಾರೆ, ಗಾಳಿ, ಮೆಟ್ಟಿಲಿನ ಬಾಯಿ ಎಲ್ಲ ಸೇರಿ ಅದನ್ನು ನುಂಗಿಬಿಡುತ್ತವೆ. ಈಗ 5 ಮಿಲಿಮೀಟರ್ ವ್ಯಾಸದ ಮೆಗ್ನೀಸಿಯಂ ಫ್ಲೋರೈಡ್ ಬಿಲ್ಲೆ ತೆಗೆದುಕೊಳ್ಳಿ. ಅಂಚಿಗೆ ಒಳಗಿನಿಂದ ಓರೆಯಾಗಿ ಬಡಿಯುವ ಬೆಳಕು ಹೊರಗೆ ಹೋಗಲಾಗದೆ ತಿರುಗಿ ಬೀಳುತ್ತದೆ. ಪಿಯುಸಿಯಲ್ಲಿ ಓದಿದ ಪೂರ್ಣ ಆಂತರಿಕ ಪ್ರತಿಫಲನ, ಅಷ್ಟೇ. ಒಂದು ಸುತ್ತಿಗೆ ಸುಮಾರು 72 ಪಿಕೋಸೆಕೆಂಡ್. ಒಳ್ಳೆಯ ಬಿಲ್ಲೆಯಲ್ಲಿ ಬೆಳಕು 8 ಮೈಕ್ರೊಸೆಕೆಂಡ್ ಉಳಿಯುತ್ತದೆ. ಅಂದರೆ ಒಂದು ಲಕ್ಷಕ್ಕೂ ಮೀರಿ ಸುತ್ತು, ಹೆಚ್ಚು ಕಡಿಮೆ 1.8 ಕಿಲೋಮೀಟರ್ ನಡಿಗೆ, ಎಲ್ಲ ಒಂದು ಬಟನ್ನಿನ ಅಂಚಿನಲ್ಲಿ. ಹಾಗಾಗಿ ಹೆಸರಿಗಷ್ಟೇ ಅಲ್ಲ, ಗಣಿತವೂ ಒಂದೇ. ಆದರೆ ಗುಮ್ಮಟ ಬೇಗ ಮರೆಯುತ್ತದೆ, ಹರಳು ಮರೆಯುವುದಿಲ್ಲ.

ಪದಪ್ರಿಯೆ
ನಡುವೆ ಬಾಯಿ ಹಾಕುತ್ತೇನೆ. ರೆಸೊನೇಟರ್‌ಗೆ ಕನ್ನಡದಲ್ಲಿ ‘ಅನುರಣಕ’ ಅನ್ನಬಹುದಲ್ಲವೇ? ಅನುರಣನ ಅಂದರೆ ಗಂಟೆ ನಿಂತ ಮೇಲೂ ಉಳಿಯುವ ನಾದ. ನೀವು ಹೇಳುತ್ತಿರುವುದಕ್ಕೆ ಚೆನ್ನಾಗಿ ಹೊಂದುತ್ತದೆ.

ಹರಳುಜ್ಜಿದವ
ಹೊಂದುತ್ತದೆ ಮೇಡಂ, ಬಳಸುತ್ತೇನೆ. ಲ್ಯಾಬಿನಲ್ಲಿ ಮಾತ್ರ ನಾವು ‘ಬಿಲ್ಲೆ’ ಅಂತಲೇ ಕರೆಯುತ್ತಿದ್ದೆವು. ಗಂಟೆಯ ಹೋಲಿಕೆಯೂ ಸರಿಯಾಗಿದೆ. ನಾದ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ಅಳೆಯುವ ಸಂಖ್ಯೆಗೆ ಕ್ಯೂ ಎನ್ನುತ್ತಾರೆ. ಮೇಲೆ ಹೇಳಿದ 8 ಮೈಕ್ರೊಸೆಕೆಂಡಿನ ಬಿಲ್ಲೆಯ ಕ್ಯೂ 1,000 ಕೋಟಿ.

ಸಿಲಿಕಾನ್ ಸಿದ್ದ
ನಾನು ಫ್ಯಾಬ್‌ನಲ್ಲಿ ಅಂದ್ರೆ ಚಿಪ್ ಕಾರ್ಖಾನೆಯಲ್ಲಿ ಕೆಲಸ ಮಾಡುವವನು, ಆದ್ದರಿಂದ ಪಕ್ಷಪಾತ ಇದೆ ಅಂತ ಮೊದಲೇ ಒಪ್ಪಿಕೊಳ್ತೀನಿ. ಕ್ಯೂ ದೊಡ್ಡದು ಅನ್ನೋದು ನಿಜ. ಆದ್ರೆ ಒಂದು ಬಿಲ್ಲೆ ಉಜ್ಜೋಕೆ ಎಷ್ಟು ದಿನ? ನಾವು ಒಂದೇ ವೇಫರ್ (ಚಿಪ್ ಮಾಡೋ ತಟ್ಟೆ) ಮೇಲೆ ಸಿಲಿಕಾನ್ ನೈಟ್ರೈಡ್ ಉಂಗುರ ಸಾವಿರಗಟ್ಟಲೆ ಬರೀತೀವಿ, ಪಕ್ಕದಲ್ಲೇ ಬೆಳಕಿಗೆ ಸಂಕೇತ ಹಾಕೋ ಮಾಡ್ಯುಲೇಟರ್, ಅದನ್ನ ಓದೋ ಡಿಟೆಕ್ಟರ್ ಕೂರಿಸ್ತೀವಿ. ನಿಮ್ಮದು ಕೈಮಗ್ಗ ಸ್ವಾಮಿ. ಅಂದ ಇದೆ, ಒಪ್ಪಿದೆ. ಮಾರುಕಟ್ಟೆ ಎಲ್ಲಿದೆ?

ಗುಮ್ಮಟದೂರಾಂವ
ಕೈಮಗ್ಗಕ್ಕ ಹಂಗನಬ್ಯಾಡ್ರಿ, ಇಳಕಲ್ ನಮ್ಮ ಕಡೆನ ಐತಿ 😀

ಹರಳುಜ್ಜಿದವ
ಸಿದ್ದ ಅವರ ಪ್ರಶ್ನೆ ನ್ಯಾಯವಾದದ್ದೇ. ಆದರೆ ಕೈಯಲ್ಲಿ ಉಜ್ಜುವುದು ಹಠಕ್ಕಲ್ಲ, ಬೇರೆ ದಾರಿ ಇಲ್ಲದ್ದಕ್ಕೆ.

ಈ ಕ್ಷೇತ್ರ ಶುರುವಾದದ್ದು ಗಾಜಿನಿಂದ. 1989ರಲ್ಲಿ ಮಾಸ್ಕೋ ವಿಶ್ವವಿದ್ಯಾಲಯದ ಬ್ರಾಗಿನ್‌ಸ್ಕಿ, ಗೊರೊಡೆಟ್‌ಸ್ಕಿ, ಇಲ್ಚೆಂಕೊ ಕರಗಿಸಿದ ಸಿಲಿಕಾ ಗಾಜಿನ ಪುಟ್ಟ ಗುಂಡಿನಲ್ಲಿ ಬೆಳಕನ್ನು ಸುತ್ತಿಸಿ ತೋರಿಸಿದರು. ಗಾಜಿನ ಸುಖ ಏನೆಂದರೆ, ತುದಿಯನ್ನು ಕರಗಿಸಿದರೆ ಸಾಕು, ಮೇಲ್ಮೈ ಎಳೆತ ತಾನೇ ಗುಂಡಗೆ ನುಣುಪಾಗಿ ಮಾಡಿಕೊಡುತ್ತದೆ. ಬೆಲ್ಲದ ಪಾಕದ ಹನಿ ತಣ್ಣೀರಿಗೆ ಬಿದ್ದ ಹಾಗೆ. 1996ರ ಹೊತ್ತಿಗೆ ಗಾಜಿನ ಗುಂಡಿನ ಕ್ಯೂ 800 ಕೋಟಿ ಮುಟ್ಟಿತು. ಅಲ್ಲಿಗೆ ನಿಂತಿತು. ಗಾಜು ಅಂದರೆ ಗಡಿಬಿಡಿಯಲ್ಲಿ ಹೆಪ್ಪುಗಟ್ಟಿದ ದ್ರವ. ಅದರ ಅಣುಗಳ ಜೋಡಣೆಯಲ್ಲಿರುವ ಏರುಪೇರಿಗೆ ಬೆಳಕು ಚದುರುತ್ತದೆ. ಸಾಲದ್ದಕ್ಕೆ ಗಾಳಿಯ ತೇವವನ್ನು ಮೈಮೇಲೆ ಎಳೆದುಕೊಳ್ಳುತ್ತದೆ. ಬೆಳಗ್ಗೆ ಮಾಡಿದ ಒಳ್ಳೆಯ ಗುಂಡು ಸಂಜೆಗೆ ಮಂಕಾಗಿರುತ್ತದೆ.

ಹರಳಿನಲ್ಲಿ ಅಣುಗಳು ಪರೇಡಿನಲ್ಲಿ ನಿಂತಿರುತ್ತವೆ, ಚದುರುವಿಕೆ ತೀರ ಕಡಿಮೆ. ಕ್ಯಾಲ್ಸಿಯಂ ಫ್ಲೋರೈಡ್ ಅತಿನೇರಳೆಯಿಂದ ಅತಿಗೆಂಪಿನವರೆಗೂ ಪಾರದರ್ಶಕ. ಕ್ಯಾಮೆರಾ ಲೆನ್ಸಿನವರು ‘ಫ್ಲೋರೈಟ್’ ಎಂದು ಹೊಗಳುವುದು ಇದನ್ನೇ. ಆದರೆ ಹರಳನ್ನು ಕರಗಿಸಿ ನುಣುಪು ಮಾಡಲು ಹೋದರೆ ಆ ಪರೇಡೇ ಒಡೆದುಹೋಗುತ್ತದೆ. ಯಾವ ಗುಣಕ್ಕಾಗಿ ಹರಳು ಬೇಕೋ ಆ ಗುಣವೇ ಸುಲಭದ ದಾರಿಯನ್ನು ಮುಚ್ಚುತ್ತದೆ. ಉಳಿಯುವುದು ಉಜ್ಜುವುದೊಂದೇ. ಅಮೆರಿಕದ ಪಸಡೀನಾದಲ್ಲಿರುವ ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ಸಾವ್‌ಚೆಂಕೊವ್, ಇಲ್ಚೆಂಕೊ, ಮಾಟ್ಸ್‌ಕೊ, ಮಲೇಕಿ 2004ರಲ್ಲಿ ಹೀಗೆ ಉಜ್ಜಿದ ಹರಳಿನಲ್ಲಿ 1,000 ಕೋಟಿ ದಾಟಿದರು. ಮತ್ತೆ ಮತ್ತೆ ಕಾಯಿಸಿ ಉಜ್ಜಿ 2007ರಲ್ಲಿ 10,000 ಕೋಟಿಯನ್ನೂ ದಾಟಿದರು.

ನಿಮ್ಮ ಚಿಪ್ ಉಂಗುರದ ಕಥೆ ನಿಮಗೇ ಗೊತ್ತು. ಎಚ್ಚಿಂಗ್ ಮಾಡಿ ಕೆತ್ತಿದ ಪಕ್ಕದ ಗೋಡೆ ಎಷ್ಟು ನುಣುಪಾದರೂ ಗೀರು ಗೀರು. ಒಳ್ಳೆಯ ಉಂಗುರಗಳ ಕ್ಯೂ ಒಂದೆರಡು ಕೋಟಿ. 2021ರಲ್ಲಿ ಬಂದ, ಎಲ್ಲರೂ ಬೆರಗಾದ ತೆಳು ನೈಟ್ರೈಡ್ ಉಂಗುರದ್ದು 42 ಕೋಟಿ.

ದೂರದರ್ಶಕದ ಅಜ್ಜ
ನಿವೃತ್ತನಾದ ಮೇಲೆ ದೂರದರ್ಶಕಕ್ಕೆ ಕನ್ನಡಿ ಉಜ್ಜುವುದು ನನ್ನ ಹವ್ಯಾಸ. ಎಂಟಿಂಚಿನವು ನಾಲ್ಕು ಮುಗಿಸಿದ್ದೇನೆ. ಒಂದು ಪ್ರಶ್ನೆ ಮಗೂ. ಕನ್ನಡಿಯಲ್ಲಿ ಆಕಾರವೇ ಪ್ರಾಣ. ಪ್ಯಾರಾಬೋಲದಿಂದ ಬೆಳಕಿನ ಅಲೆಯ ಎಂಟನೇ ಒಂದು ಪಾಲು ತಪ್ಪಿದರೂ ಶನಿಯ ಬಳೆ ಕಲಸಿಹೋಗುತ್ತದೆ. ನಿಮ್ಮ ಬಿಲ್ಲೆಗೂ ಹಾಗೆಯೇ?

ಹರಳುಜ್ಜಿದವ
ಸರ್, ನಮ್ಮಲ್ಲಿ ಉಲ್ಟಾ. ಬಿಲ್ಲೆ ತುಸು ಮೊಟ್ಟೆಯಾಕಾರವಾದರೂ ಬೆಳಕು ತನ್ನ ದಾರಿ ತಾನು ಹುಡುಕಿಕೊಂಡು ಸುತ್ತು ಮುಗಿಸುತ್ತದೆ. ಬೆಟ್ಟ ಬಳಸುವ ರಸ್ತೆ ಸ್ವಲ್ಪ ವಾಲಿದ್ದರೆ ಬಸ್ಸಿಗೇನೂ ಆಗುವುದಿಲ್ಲ, ಹೊಂಡ ಇದ್ದರೆ ಆಗುತ್ತದೆ. ಲಕ್ಷ ಸಲ ಅದೇ ಹೊಂಡ. ನಮಗೆ ಬೇಕಾದದ್ದು ನುಣುಪು, ಅದೂ ನ್ಯಾನೋಮೀಟರಿನ ಒಳಗೆ.

ಕೆಲಸ ಹೀಗೆ ನಡೆಯುತ್ತದೆ. ಹರಳಿನ ಹಲಗೆಯಿಂದ ಟೊಳ್ಳು ಡ್ರಿಲ್‌ನಲ್ಲಿ ಬಿಲ್ಲೆ ಕೊರೆದು, ಲೋಹದ ಕಡ್ಡಿಯ ತುದಿಗೆ ಮೇಣದಿಂದ ಕೂರಿಸುತ್ತೇವೆ. ಗಾಳಿಯ ಬೇರಿಂಗ್ ಇರುವ ಸ್ಪಿಂಡಲ್ಲಿನಲ್ಲಿ ತಿರುಗಿಸುತ್ತ ವಜ್ರದ ಉಳಿಯಿಂದ ಅಂಚನ್ನು ಎರಡೂ ಕಡೆ ಇಳಿಸಿದರೆ ನಡುವೆ ಬಳೆಯ ಏಣಿನಂಥ ಉಬ್ಬು ಉಳಿಯುತ್ತದೆ. ಆಮೇಲೆ ವಜ್ರದ ಪುಡಿ. ದಪ್ಪದ್ದರಿಂದ ಶುರುಮಾಡಿ ಮೈಕ್ರಾನಿನ ಹತ್ತನೇ ಒಂದು ಪಾಲಿನವರೆಗೆ, ಪ್ರತಿ ಮಟ್ಟದ ನಡುವೆ ತೊಳೆದು ಸೂಕ್ಷ್ಮದರ್ಶಕದಲ್ಲಿ ನೋಡಿ. ಹಿಂದಿನ ಮಟ್ಟದ ಒಂದು ಕಣ ಬಟ್ಟೆಯಲ್ಲಿ ಉಳಿದಿದ್ದರೆ ಮೂರು ದಿನ ನೀರಿಗೆ.

ದೂರದರ್ಶಕದ ಅಜ್ಜ
ಆ ಒಂದು ಕಣದ ಸಂಕಟ ನನಗೂ ಗೊತ್ತು. ಬೆಕ್ಕು ಹಾಯ್ದು ಒಂದು ಸಲ ಇಡೀ ಕನ್ನಡಿ ಮೊದಲಿನಿಂದ. ಹರಳಿಗೆ ಒಂದೊಂದು ದಿಕ್ಕಿಗೆ ಒಂದೊಂದು ಗಡಸು ಇರುತ್ತದಲ್ಲ, ದುಂಡಗೆ ಮಾಡುವಾಗ ಅದನ್ನೇನು ಮಾಡುತ್ತೀರಿ?

ಹರಳುಜ್ಜಿದವ
ಅಲ್ಲೇ ಸರ್ ಸಿಕ್ಕಿಬೀಳುವುದು. ಸುತ್ತು ಬರುವಾಗ ಉಳಿಗೆ ಕೆಲವು ಕಡೆ ಹರಳು ಬೆಣ್ಣೆಯಂತೆ ಕೊಡುತ್ತದೆ, ಕೆಲವು ಕಡೆ ಚಕ್ಕೆ ಎದ್ದು ಬರುತ್ತದೆ. ಕೊರೆತದ ಆಳ ಕೆಲವು ಹತ್ತು ನ್ಯಾನೋಮೀಟರ್ ಮೀರದಂತೆ ನೋಡಿಕೊಂಡರೆ ಚಕ್ಕೆ ಏಳದೆ ಸುರುಳಿಯಾಗಿ ಬರುತ್ತದೆ. ಜಪಾನಿನ ಕೇಯೊ ವಿಶ್ವವಿದ್ಯಾಲಯದವರು ಇದನ್ನೇ ಹಟ ಹಿಡಿದು ಮಾಡಿ, ಉಜ್ಜುವುದೇ ಇಲ್ಲದೆ ಬರೀ ಯಂತ್ರದ ಕೊರೆತದಲ್ಲಿ 10 ಕೋಟಿ ದಾಟಿದ ಕ್ಯೂ ತೋರಿಸಿದರು, 2020ರಲ್ಲಿ. ಸಿದ್ದ ಅವರೇ, ಕೈಮಗ್ಗಕ್ಕೆ ಮೋಟಾರು ಬರುತ್ತಿದೆ.

ನನ್ನ ಒಂದು ಪಾಪವನ್ನೂ ಹೇಳಿಬಿಡುತ್ತೇನೆ. ಮೊದಲ ವರ್ಷ, ಆರು ವಾರ ಉಜ್ಜಿದ ಕ್ಯಾಲ್ಸಿಯಂ ಫ್ಲೋರೈಡ್ ಬಿಲ್ಲೆ. ಮೇಣ ಬಿಡಿಸಲು ಬಿಸಿ ಮಾಡಿದೆ. ಬಿಟ್ಟುಕೊಂಡಿತು. ಅವಸರಕ್ಕೆ ಬಿಸಿಯಿರುವಾಗಲೇ ಅಸಿಟೋನಿಗೆ ಹಾಕಿದೆ. ‘ಟಿಕ್’ ಅಂತ ಒಂದು ಸದ್ದು. ಹರಳು ಸೀಳುವ ಸಮತಲದಲ್ಲಿ ನೀಟಾಗಿ ಎರಡು ಹೋಳು. ಆ ಸೀಳು ಮೇಲ್ಮೈ ನಾನು ಉಜ್ಜಿದ್ದಕ್ಕಿಂತ ನುಣುಪಾಗಿತ್ತು ಅನ್ನುವುದು ಇನ್ನೊಂದು ಅವಮಾನ.

ರೇಡಾರ್ ರಾಯರು
ಮಾರುಕಟ್ಟೆ ಎಲ್ಲಿದೆ ಅಂತ ಕೇಳಿದ್ದಿರಿ ಸಿದ್ದ. ನನ್ನ ಜೀವಮಾನವೆಲ್ಲ ಆಸಿಲೇಟರ್ ಜೊತೆ, ಅಂದರೆ ಒಂದೇ ಆವರ್ತನದ ಸ್ವರ ಹೊರಡಿಸುವ ಸಾಧನದ ಜೊತೆ ಕಳೆದದ್ದು, ಆದ್ದರಿಂದ ಇದಕ್ಕೆ ನಾನು ಹೇಳುತ್ತೇನೆ.

10 ಗಿಗಾಹರ್ಟ್ಸ್ ರೇಡಾರ್ ಅಂದುಕೊಳ್ಳಿ. ಎದುರಿಗೆ ಗುಡ್ಡ, ಗುಡ್ಡದ ಮುಂದೆ ನಡೆದು ಹೋಗುತ್ತಿರುವ ಒಬ್ಬ ಮನುಷ್ಯ. ಗುಡ್ಡದಿಂದ ಬರುವ ಪ್ರತಿಧ್ವನಿ ರಾಕ್ಷಸನಷ್ಟು, ಮನುಷ್ಯನದು ಸೊಳ್ಳೆಯಷ್ಟು. ಬೇರೆ ಮಾಡುವುದು ಡಾಪ್ಲರ್ ಪಲ್ಲಟದಿಂದ, ಅಂದರೆ ಚಲನೆಯಿಂದ ಆವರ್ತನ ಸರಿಯುವುದರಿಂದ: ಸೆಕೆಂಡಿಗೆ ಒಂದೂವರೆ ಮೀಟರ್ ನಡೆಯುವವನಿಂದ ಬರುವ ಪಲ್ಲಟ ಬರೀ 100 ಹರ್ಟ್ಸ್. ಈಗ ನಿಮ್ಮ ಆಸಿಲೇಟರ್ ತನ್ನ ಸ್ವರದಲ್ಲೇ ಚೂರು ನಡುಗಿದರೆ, ಗುಡ್ಡದ ಪ್ರತಿಧ್ವನಿಯೂ ಅಷ್ಟೇ ನಡುಗುತ್ತದೆ. ಆ ನಡುಕ 100 ಹರ್ಟ್ಸ್ ದೂರದಲ್ಲಿ ಸೊಳ್ಳೆಯ ದನಿಯನ್ನು ಮುಚ್ಚಿಬಿಡುತ್ತದೆ. ಇದನ್ನೇ ಫೇಸ್ ನಾಯ್ಸ್ ಅನ್ನುವುದು. ಕ್ವಾರ್ಟ್ಜ್ ಹರಳು 100 ಮೆಗಾಹರ್ಟ್ಸ್‌ನಲ್ಲಿ ಎಷ್ಟೇ ಶುದ್ಧವಾಗಿ ಹಾಡಲಿ, ಅದನ್ನು ನೂರು ಪಟ್ಟು ಗುಣಿಸಿ 10 ಗಿಗಾಹರ್ಟ್ಸ್‌ಗೆ ಏರಿಸುವಾಗ ಗದ್ದಲ 40 ಡೆಸಿಬೆಲ್ ಏರುತ್ತದೆ. ಅದು ಪ್ರಕೃತಿ ಹಾಕುವ ತೆರಿಗೆ, ಯಾವ ಸರ್ಕ್ಯೂಟಿನಿಂದಲೂ ತಪ್ಪಿಸಿಕೊಳ್ಳಲಾಗದು.

ಹರಳಿನ ಬಿಲ್ಲೆ ಈ ತೆರಿಗೆಯನ್ನು ಹಿಂದುಮುಂದಾಗಿ ತಿರುಗಿಸುತ್ತದೆ. ಬೆಳಕಿನ ಆವರ್ತನ 193 ಟೆರಾಹರ್ಟ್ಸ್. ಅಲ್ಲಿಂದ ಕೆಳಗೆ ಇಳಿದು ಬಂದರೆ ಗದ್ದಲ ಏರುವುದಿಲ್ಲ, ಇಳಿಯುತ್ತದೆ. 2015ರಲ್ಲಿ ಮಲೇಕಿಯವರ ಓಇವೇವ್ಸ್ ಕಂಪನಿಯವರು ಮೆಗ್ನೀಸಿಯಂ ಫ್ಲೋರೈಡ್ ಬಿಲ್ಲೆಯಿಂದ 9.9 ಗಿಗಾಹರ್ಟ್ಸ್ ಸ್ವರ ತೆಗೆದು ಪ್ರಕಟಿಸಿದರು. 100 ಹರ್ಟ್ಸ್ ದೂರದಲ್ಲಿ ಮೈನಸ್ 90 ಡೆಸಿಬೆಲ್, 10 ಮೆಗಾಹರ್ಟ್ಸ್ ದೂರದಲ್ಲಿ ಮೈನಸ್ 170. ಮೈನಸ್ 90 ಅಂದರೆ 100 ಕೋಟಿಯಲ್ಲಿ ಒಂದು ಪಾಲು.  ನನಗೆ ಸಾವಿರ ಬೇಡ ಸಿದ್ದ, ಒಂದು ಸಾಕು. ಒಂದು ರೇಡಾರಿಗೆ ಒಂದೇ ಶ್ರುತಿಪೆಟ್ಟಿಗೆ.

ಗುಮ್ಮಟದೂರಾಂವ
ರಾಯರ, ಒಂದೇ ಬಣ್ಣದ ಲೇಸರ್ ಒಳಗ ಹಾಕಿದರ ಗಿಗಾಹರ್ಟ್ಸ್ ಹೆಂಗ ಹೊರಗ ಬರತೈತ್ರಿ? ಅಲ್ಲೇ ನನಗ ತಿಳೀಲಿಲ್ಲ.

ಹರಳುಜ್ಜಿದವ
ಸೆಮಿನಾರಿನಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಇದೇ, ಗಟ್ಟಿ ಮಾಡಿಕೊಳ್ಳಿ.

ಸುತ್ತು ಮುಗಿಸಿದ ಅಲೆಯ ತಲೆ ತನ್ನ ಬಾಲವನ್ನು ಸರಿಯಾಗಿ ಕೂಡಬೇಕು. 5 ಮಿಲಿಮೀಟರ್ ಬಿಲ್ಲೆಯ ಸುತ್ತಳತೆಯಲ್ಲಿ 1550 ನ್ಯಾನೋಮೀಟರಿನ ಅಲೆ ಸುಮಾರು 14,000 ಹಿಡಿಸುತ್ತವೆ. 14,000 ಸರಿ, 14,001 ಸರಿ, ನಡುವಿನದು ಸಲ್ಲದು. ಹೀಗೆ ಸಲ್ಲುವ ಬಣ್ಣಗಳು ಏಣಿಯ ಮೆಟ್ಟಿಲಿನ ಹಾಗೆ, ಇಲ್ಲಿ ಸುಮಾರು 14 ಗಿಗಾಹರ್ಟ್ಸ್‌ಗೊಂದು. ಬಿಲ್ಲೆ 7 ಮಿಲಿಮೀಟರಿನ ಹತ್ತಿರ ಇದ್ದರೆ 10 ಗಿಗಾಹರ್ಟ್ಸ್‌ಗೊಂದು.

ಬೆಳಕು ಲಕ್ಷ ಸುತ್ತು ಉಳಿಯುವುದರಿಂದ ಕೆಲವೇ ಮಿಲಿವಾಟ್ ಒಳಗೆ ಬಿಟ್ಟರೂ ಅಂಚಿನಲ್ಲಿ ಅದು ಸಾವಿರಾರು ಪಟ್ಟು ಗುಡ್ಡೆಯಾಗುತ್ತದೆ. ಅಷ್ಟು ತೀವ್ರ ಬೆಳಕು ಹರಳಿನ ವಕ್ರೀಭವನ ಸೂಚ್ಯಂಕವನ್ನೇ ಕದಲಿಸುತ್ತದೆ, ಕೆರ್ ಪರಿಣಾಮ. ಆಗ ಎರಡು ಫೋಟಾನ್ ಸೇರಿ ಒಂದು ಮೆಟ್ಟಿಲು ಮೇಲಿನದೊಂದು, ಒಂದು ಮೆಟ್ಟಿಲು ಕೆಳಗಿನದೊಂದು ಆಗಿ ಒಡೆಯುತ್ತವೆ. ಅವು ಮತ್ತೆ ಒಡೆಯುತ್ತವೆ. ಕೊನೆಗೆ ಸಮಾನ ಅಂತರದ ನೂರಾರು ಬಣ್ಣ, ಬಾಚಣಿಗೆಯ ಹಲ್ಲಿನ ಹಾಗೆ. ಇದನ್ನು ಮೊದಲು 2007ರಲ್ಲಿ ಜರ್ಮನಿಯ ಗಾರ್ಶಿಂಗ್‌ನಲ್ಲಿ ಗಾಜಿನ ಉಂಗುರದಲ್ಲಿ ಕಂಡರು. ಎಲ್ಲ ಹಲ್ಲುಗಳೂ ಒಂದೇ ತಾಳಕ್ಕೆ ಬಿದ್ದರೆ ಬಿಲ್ಲೆಯೊಳಗೆ ಒಂದೇ ಒಂದು ಚೂಪು ಮಿಡಿತ ಸುತ್ತುತ್ತಿರುತ್ತದೆ, ಸೊಲಿಟಾನ್. ಅದನ್ನು ಹರಳಿನ ಬಿಲ್ಲೆಯಲ್ಲಿ ಹಿಡಿದು ತೋರಿಸಿದ್ದು ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಕಿಪ್ಪೆನ್‌ಬರ್ಗ್ ಗುಂಪು, 2014ರ ಪ್ರಬಂಧದಲ್ಲಿ. ಆ ಮಿಡಿತ ಪ್ರತಿ ಸುತ್ತಿಗೂ ಒಂದು ಸಲ ಬಾಗಿಲು ತಟ್ಟುತ್ತದೆ. ಬೆಳಕನ್ನು ವಿದ್ಯುತ್ತಾಗಿಸುವ ಫೋಟೋಡಯೋಡ್ ಇಟ್ಟರೆ ಆ ತಟ್ಟುವಿಕೆಯೇ ರಾಯರ 10 ಗಿಗಾಹರ್ಟ್ಸ್.

ಮೆಗ್ನೀಸಿಯಂ ಯಾಕೆ, ಕ್ಯಾಲ್ಸಿಯಂ ಯಾಕಲ್ಲ ಅಂತ ಮುಂದೆ ಕೇಳುತ್ತೀರಿ. ಬೆಳಕಿನಿಂದ ಬಿಲ್ಲೆ ಬಿಸಿಯಾಗುತ್ತದೆ. ಕ್ಯಾಲ್ಸಿಯಂ ಫ್ಲೋರೈಡಿನಲ್ಲಿ ಬಿಸಿಗೆ ಗಾತ್ರ ಹಿಗ್ಗುತ್ತದೆ, ಸೂಚ್ಯಂಕ ಇಳಿಯುತ್ತದೆ. ಒಂದು ಬೇಗ, ಒಂದು ನಿಧಾನ. ಎತ್ತು ಏರಿಗೆ, ಕೋಣ ನೀರಿಗೆ. ಅನುರಣನ, ಅಂದರೆ ಬಿಲ್ಲೆಗೆ ಸಲ್ಲುವ ಬಣ್ಣ, ಹಿಂದೆ ಮುಂದೆ ತೂಗಾಡುತ್ತ ನಿಲ್ಲುವುದೇ ಇಲ್ಲ. ಮೆಗ್ನೀಸಿಯಂ ಫ್ಲೋರೈಡಿನಲ್ಲಿ ಎರಡೂ ಒಂದೇ ದಿಕ್ಕಿಗೆ ಎಳೆಯುವುದರಿಂದ ಲೇಸರ್ ಜೊತೆ ತಾನೇ ಕಚ್ಚಿಕೊಂಡು ನಿಲ್ಲುತ್ತದೆ.

ಸಿಲಿಕಾನ್ ಸಿದ್ದ
ರಾಯರ ಲೆಕ್ಕಕ್ಕೆ ಸೋತೆ, ಅಲ್ಲಿ ಒಂದು ಸಾಕು ಅನ್ನೋದು ನಿಜ. ಆದ್ರೆ ಡೇಟಾ ಸೆಂಟರ್, ಕಾರಿನ ಲೈಡಾರ್ (ಲೇಸರಿಂದ ದೂರ ಅಳೆಯೋ ಸಾಧನ) ಇಂಥ ಕಡೆ ಬಿಲ್ಲೆ ಬರಲ್ಲ ಅಂತ ನನ್ನ ವಾದ. ಬೆಳಕು ಒಳಗೆ ಬಿಡೋ ಪ್ರಿಸಂ ಪಕ್ಕ ಮೈಕ್ರಾನ್‌ಗಿಂತ ಕಡಿಮೆ ಅಂತರದಲ್ಲಿ ಬಿಲ್ಲೆ ಹಿಡಿದು ಕೂರಿಸಬೇಕು. ನಮ್ಮ ರಸ್ತೆ ಉಬ್ಬಿನ ಮೇಲೆ ಅದು ಎಷ್ಟು ದಿನ?

ಹರಳುಜ್ಜಿದವ
ಡೇಟಾ ಸೆಂಟರ್ ನಿಮ್ಮದೇ, ಜಗಳವಿಲ್ಲ. ಅಂತರದ ಮಾತೂ ನಿಜ. ಬೆಳಕು ಹರಳಿನ ಹೊರಗೆ ಒಂದು ಅಲೆಯಷ್ಟೂ ದೂರ ಚಾಚುವುದಿಲ್ಲ, ಆ ಬಾಲವನ್ನು ಪ್ರಿಸಂ ಅಥವಾ ಕೂದಲಿಗಿಂತ ತೆಳ್ಳಗೆ ಎಳೆದ ಫೈಬರ್ ಹಿಡಿಯಬೇಕು. ಆದರೆ ಎಲ್ಲ ಒಂದೇ ಪ್ಯಾಕೇಜಿನಲ್ಲಿ ಅಂಟಿಸಿ ಮುಚ್ಚಿದರೆ ಅಲುಗಾಡುವುದಿಲ್ಲ. ಹಾಗೆ ಮಾಡಿದ ಲೇಸರ್‌ಗಳು ಮಾರಾಟಕ್ಕೇ ಇವೆ.

ಅದರಲ್ಲಿ ನನಗೆ ಇಷ್ಟದ ತಮಾಷೆ ಒಂದಿದೆ. ನಾವು ವಾರಗಟ್ಟಲೆ ಚದುರುವಿಕೆಯ ವಿರುದ್ಧ ಉಜ್ಜುತ್ತೇವೆ. ಆದರೂ ತುಸು ಉಳಿದೇ ಉಳಿಯುತ್ತದೆ, ಅದು ಸ್ವಲ್ಪ ಬೆಳಕನ್ನು ಹಿಮ್ಮುಖವಾಗಿ ಸುತ್ತಿಸಿ ಲೇಸರ್‌ಗೇ ವಾಪಸು ಕಳಿಸುತ್ತದೆ. ಮೆಗಾಹರ್ಟ್ಸ್‌ಗಟ್ಟಲೆ ಹೊಯ್ದಾಡುವ ಅಗ್ಗದ ಲೇಸರ್ ಡಯೋಡ್ ತನ್ನ ಆ ಶುದ್ಧ ಪ್ರತಿಧ್ವನಿ ಕೇಳಿ ಅದಕ್ಕೇ ಶ್ರುತಿ ಹಿಡಿದು ನಿಂತುಬಿಡುತ್ತದೆ. ಹೊರಗಿನ ಸರ್ಕ್ಯೂಟ್ ಬೇಕಿಲ್ಲ. 2018ರಲ್ಲಿ ಗೊರೊಡೆಟ್‌ಸ್ಕಿಯವರ ಮಾಸ್ಕೋ ಗುಂಪು, ಒಂದೇ ಬಣ್ಣ ಹಿಡಿಯಲಾಗದ ಸಾಮಾನ್ಯ ಡಯೋಡನ್ನು ಹೀಗೆ ಮೆಗ್ನೀಸಿಯಂ ಫ್ಲೋರೈಡ್ ಬಿಲ್ಲೆಗೆ ಕಟ್ಟಿ ಸೊಲಿಟಾನ್ ಬಾಚಣಿಗೆಯನ್ನೇ ಪಡೆಯಿತು. 1989ರಲ್ಲಿ ಗಾಜಿನ ಗುಂಡು ಮಾಡಿದ ಅದೇ ಗೊರೊಡೆಟ್‌ಸ್ಕಿ. ಮರುವರ್ಷ ಜನವರಿಯಲ್ಲಿ ತೀರಿಕೊಂಡರು.

ಪದಪ್ರಿಯೆ
ತಂಬೂರಿಯ ಪಕ್ಕ ಕೂತ ಹೊಸ ಹಾಡುಗಾರನ ಹಾಗೆ! ವೈರಸ್ ಪತ್ತೆಹಚ್ಚುವುದಕ್ಕೂ ಇದನ್ನು ಬಳಸುತ್ತಾರೆ ಎಂದು ಎಲ್ಲೋ ಓದಿದ್ದೆ.

ಹರಳುಜ್ಜಿದವ
ಅದು ಹರಳಲ್ಲ ಮೇಡಂ, ಗಾಜಿನ ಗುಂಡು. 2008ರಲ್ಲಿ ಒಂದೊಂದೇ ಇನ್‌ಫ್ಲುಯೆಂಜಾ ವೈರಸ್ ಅಂಟಿದಾಗ ಅನುರಣನ ಸರಿಯುವುದನ್ನು ನೋಡಿದರು. ಹರಳಿನವರ ಬೇರೆ ಸಾಹಸ ಅಂದರೆ ತಿರುಗುವಿಕೆ ಅಳೆಯುವ ಗೈರೋಸ್ಕೋಪ್. ಬಿಲ್ಲೆ ತಿರುಗಿದರೆ ಎರಡು ದಿಕ್ಕಿಗೆ ಸುತ್ತುವ ಬೆಳಕಿಗೆ ದಾರಿ ಬೇರೆ ಬೇರೆ ಉದ್ದ ಕಾಣುತ್ತದೆ. 2017ರಲ್ಲಿ ತೋರಿಸಿದ್ದರ ಅಲೆತ (ಅಳತೆ ತಾನಾಗಿಯೇ ಜಾರುವುದು) ಗಂಟೆಗೆ 3 ಡಿಗ್ರಿ. ವಿಮಾನಕ್ಕೆ ಇನ್ನೂ ಸಾಲದು. ಲಿಥಿಯಂ ನಯೊಬೇಟ್ ಬಿಲ್ಲೆಗಳದೇ ಇನ್ನೊಂದು ಲೋಕ. ವೋಲ್ಟೇಜ್ ಕೊಟ್ಟರೆ ಬಣ್ಣ ಸರಿಯುತ್ತದೆ, ಅತಿಗೆಂಪು ಹಾಕಿದರೆ ಇಮ್ಮಡಿ ಆವರ್ತನದ ಬೆಳಕು ಬರುತ್ತದೆ. ಅದಕ್ಕೆ ಬೇರೆ ಎಳೆ ತೆರೆಯೋಣ.

ದೂರದರ್ಶಕದ ಅಜ್ಜ
ಹಳೆಯ ಲೆನ್ಸೊಂದರ ಒಡೆದ ಫ್ಲೋರೈಟ್ ಚೂರು ನನ್ನ ಡಬ್ಬಿಯಲ್ಲಿದೆ. ಗಡಿಯಾರ ರಿಪೇರಿಯವನ ಸಣ್ಣ ಲೇಥೂ ಇದೆ. ಕ್ಯೂ ಲಕ್ಷ ಬಂದರೂ ಸಾಕು, ನಾನೊಂದು ಉಜ್ಜಿ ನೋಡಲೇ? ವಿಜಯಪುರದ ಹುಡುಗ ಬೆಂಗಳೂರಿಗೆ ಬಂದರೆ ಅಳೆಯುವುದು ಅವನ ಪಾಲಿಗೆ.

ಗುಮ್ಮಟದೂರಾಂವ
ಬರ್ತೀನ್ರಿ ಅಜ್ಜಾರ! ಆದರ ಅಳೆಯೋದು ಹೆಂಗ? ನಮ್ಮ ಕಾಲೇಜಿನಾಗ ಹೆಲಿಯಂ ನಿಯಾನ್ ಲೇಸರ್ ಒಂದ ಐತಿ.

ಹರಳುಜ್ಜಿದವ
ಆ ಲೇಸರ್‌ನಿಂದ ಆಗದು, ಅದರ ಬಣ್ಣವನ್ನು ಬೇಕಾದ ಹಾಗೆ ಸರಿಸಲಾಗುವುದಿಲ್ಲ. ಸಾಮಾನ್ಯ ಸಂವಹನದ ಡಿಎಫ್‌ಬಿ ಲೇಸರ್ ಡಯೋಡ್ ತೆಗೆದುಕೊಳ್ಳಿ, ಅದರ ಬಣ್ಣ ಕರೆಂಟಿನ ಜೊತೆ ಸರಿಯುತ್ತದೆ. ಕರೆಂಟನ್ನು ಗರಗಸದ ಹಲ್ಲಿನಂತೆ ಏರಿಸಿ ಇಳಿಸಿ, ಪ್ರಿಸಂನಿಂದ ಹೊರಬರುವ ಬೆಳಕನ್ನು ಆಸಿಲೋಸ್ಕೋಪಿನಲ್ಲಿ ನೋಡಿ. ಅನುರಣನ ಇದ್ದಲ್ಲಿ ಕಿರಿದಾದ ತಗ್ಗು ಕಾಣುತ್ತದೆ. ಕ್ಯೂ ಬಹಳ ಚೆನ್ನಾಗಿದ್ದರೆ ತಗ್ಗಿನ ಹಿಂದೆ ಗಂಟೆ ಬಾರಿಸಿದಂತೆ ಅಲೆ ಅಲೆಯಾಗಿ ಬಾಲ ಬರುತ್ತದೆ. ಮೊದಲ ಸಲ ಆ ಬಾಲ ಕಂಡ ದಿನ ನಾನು ಊಟ ಮರೆತಿದ್ದೆ.

ಅಜ್ಜ, ಒದ್ದೆ ಮಾಡಿಯೇ ಉಜ್ಜಿ, ಫ್ಲೋರೈಡ್ ಧೂಳು ಮೂಗಿಗೆ ಹೋಗಬಾರದು. ಮಾಸ್ಕ್ ಹಾಕಿಕೊಳ್ಳಿ. ಬೆಕ್ಕನ್ನು ಹೊರಗೆ ಬಿಡಿ. ಮೇಣ ಬಿಡಿಸುವ ದಿನ ಮಾತ್ರ ಬಿಲ್ಲೆ ಪೂರ್ತಿ ಆರುವ ತನಕ ಕಾಫಿ ಕುಡಿದು ಬನ್ನಿ.

ದೂರದರ್ಶಕದ ಅಜ್ಜ
ಎರಡು ಲೋಟ ಕುಡಿಯುತ್ತೇನೆ.